ಆರೂ ಮತ್ತೊಂದು ತಿಂಗಳ ಮಗು

ಅಂಗೈಯಿಂದ ಮೊಣಕೈಗೆ ಮುಗಿದುಹೋಗುವಷ್ಟು ಸಣ್ಣ ಮಗುವನ್ನು ಮೊದಲ ಸಲ ಎತ್ತಿಕೊಂಡಾಗ ಕೈ ನಡುಗಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಅದು ಸುಳ್ಳು. ನನ್ನ ಕೈ ನಡುಗಲಿಲ್ಲ. ಮಧುಗಿರಿ ಮಂಡಿಯಲ್ಲಿ ಹುಣಸೆಹಣ್ಣು, ಕಡಲೆಕಾಯಿ, ಹುರುಳಿ ತೂಗಿ ತೂಗಿ ಪಳಗಿದ ಕೈ ಅದು. ಬಡವನಹಳ್ಳಿಯಲ್ಲಿ ಆರನೇ ಕ್ಲಾಸು ಮುಗಿಸದೆ ಸ್ಕೂಲು ಬಿಟ್ಟು, ಮೂಟೆ ಹೊತ್ತು, ತಕ್ಕಡಿ ಹಿಡಿದು, ಆಮೇಲೆ ಡ್ರೈವಿಂಗ್ ಕಲಿತವನು ನಾನು. ಎಳೆಯ ಮಕ್ಕಳ ಸೇವೆಗೆಂದು ಒಂದು ಸಂಸ್ಥೆ ಮಧುಗಿರಿಯಲ್ಲಿ ಕೇಂದ್ರ ತೆರೆದಾಗ ಜೀಪಿಗೆ ಡ್ರೈವರ್ ಬೇಕು ಎಂದರು. ಹೋಗಿ ನಿಂತೆ.

"ಗಾಡಿ ಓಡಿಸೋದು ಬಿಟ್ಟು ಬೇರೆ ಏನು ಬರುತ್ತೆ?" ಎಂದರು ಡಾಕ್ಟರಮ್ಮ.

"ತೂಗಾಕ್ ಬತ್ತದೆ ಮೇಡಂ. ನಾನು ತೂಗಿದ್ದನ್ನ ಮಂಡೀಲಿ ಯಾರೂ ಎಲ್ಡನೇ ಸಲ ತೂಗ್ತಿರಲಿಲ್ಲ."

ಅವರು ನಕ್ಕುಬಿಟ್ಟರು. ಆ ನಗುವಿನಿಂದ ಶುರುವಾದ ಕೆಲಸ ನನ್ನ ಕೂದಲು ಬೆಳ್ಳಗಾಗುವವರೆಗೂ ನಡೆಯಿತು. ನಡುವೆ ನನ್ನ ಹುದ್ದೆಯ ಹೆಸರು ಎಷ್ಟು ಸಲ ಬದಲಾಯಿತೋ ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೆ ಯಾಕೆ ಅದು. ಈಗ ಈ ಕೆಲಸಕ್ಕೆ ಬರುತ್ತಿರುವ ನೀವು ಹುಡುಗ ಹುಡುಗಿಯರು ಓದಿಕೊಂಡು ಬರುತ್ತೀರಿ, ಫೋನಿನಲ್ಲೇ ಎಲ್ಲ ತುಂಬುತ್ತೀರಿ, ಒಳ್ಳೆಯದು. ಆದರೆ ಈ ಕೆಲಸದಲ್ಲಿ ಎಂಥ ಖುಷಿ ಇದೆ ಎಂದು ಯಾವ ಟ್ರೈನಿಂಗಿನಲ್ಲೂ ಹೇಳಿಕೊಡುವುದಿಲ್ಲ. ಅದನ್ನು ಹೇಳಲೆಂದೇ ಕುಳಿತಿದ್ದೇನೆ.

ಕೆಲಸ ಏನೆಂದರೆ ಇಷ್ಟೇ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳು, ದಿನ ತುಂಬಿದರೂ ತೂಕವಿಲ್ಲದೆ ಹುಟ್ಟಿದ ಮಕ್ಕಳು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಿಂದ ಹೊರಬಂದು ಮನೆಗೆ ಹೋಗುತ್ತವಲ್ಲ, ಅಲ್ಲಿಂದ ಮುಂದೆ ಅವು ಎದ್ದು ಓಡಾಡುವವರೆಗೆ ಅವುಗಳ ಬೆನ್ನು ಹತ್ತುವುದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕು ನಮ್ಮ ಪಾಲಿಗೆ. ತೂಕ ನೋಡು, ತಲೆಯ ಸುತ್ತಳತೆ ನೋಡು, ಕತ್ತು ನಿಂತಿತಾ, ಮಗ್ಗುಲಾಯಿತಾ, ಕೂತಿತಾ, ತೆವಳಿತಾ, ಕರೆದರೆ ತಿರುಗಿತಾ. ಜೀಪಿನಲ್ಲಿ ನಾನು, ನಮ್ಮ ಥೆರಪಿಸ್ಟ್ ನಸೀಮಾ, ವಾರದಲ್ಲಿ ಕೆಲವು ದಿನ ಡಾಕ್ಟರಮ್ಮ. ನಸೀಮಾ ಶಿರಾದ ಹೆಣ್ಣುಮಗಳು. ಮಕ್ಕಳ ಕೈಕಾಲು ಹಿಡಿದರೆ ಬೆಣ್ಣೆಯಂಥ ಕೈ, ನನ್ನ ಜೊತೆ ಮಾತಿಗಿಳಿದರೆ ಮೆಣಸಿನಕಾಯಿ.

ಮೊದಲ ಪಾಠ ತಕ್ಕಡಿಯಿಂದಲೇ ಆಯಿತು. ಕೊಡಿಗೇನಹಳ್ಳಿಯ ಕಡೆ ಒಂದು ಗಂಡು ಮಗು. ತಿಂಗಳುಗಟ್ಟಲೆ ತೂಕ ಏರದೆ ನಮ್ಮನ್ನು ಕಾಡಿಸಿದ್ದು, ಒಂದು ಸಲ ಹೋದರೆ ದಿಢೀರನೆ ಏರಿಬಿಟ್ಟಿದೆ. ಜೋಳಿಗೆಯಲ್ಲಿ ಹಾಕಿ ನೇತುಹಾಕಿದೆ, ಮುಳ್ಳು ಓಡಿತು. ನಾನು ಕುಣಿದದ್ದೇ ಕುಣಿದದ್ದು. ನಸೀಮಾಗೆ ಕೈ ಕುಲುಕಿದೆ, ಮಗುವಿನ ಅಜ್ಜನಿಗೆ ಕೈ ಕುಲುಕಿದೆ, ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯವರಿಗೂ ಕುಲುಕಿದೆ. ನಸೀಮಾ ಸುಮ್ಮನೆ ಮಗುವಿನ ಅಂಗಿ ಎತ್ತಿದಳು. ಸೊಂಟದಲ್ಲಿ ಬೆರಳು ದಪ್ಪದ ಬೆಳ್ಳಿಯ ಉಡಿದಾರ, ಕಾಲಿಗೆ ಬೆಳ್ಳಿ ಕಡಗ, ತೋಳಿಗೆ ತಾಯಿತ.

"ಅರೆ ರಾಜಣ್ಣ, ಮಗೂನ ತೂಗಿದ್ರೋ, ಅಕ್ಕಸಾಲಿ ಅಂಗಡೀನ ತೂಗಿದ್ರೋ?"

ಅಜ್ಜ ಗಂಭೀರವಾಗಿ ಹೇಳಿದ: "ಬರೀ ಮೈಯ ಮಗೂನ ತೂಗಬಾರ್ದು ಸ್ವಾಮಿ, ದೃಷ್ಟಿ ಆಯ್ತದೆ. ಏನಾನಾ ಇರ್ಲಿ ಅಂತ ಹಾಕ್ದೆ."

ಅವನದು ತಪ್ಪಲ್ಲ. ನಮ್ಮ ಕಡೆ ತೂಗುವುದೆಂದರೆ ಮಾರುವುದಕ್ಕೆ. ಮಗುವನ್ನು ಯಾಕೆ ತೂಗಬೇಕು? ಅಂದಿನಿಂದ ನಾನು ಮೊದಲು ಜೋಳಿಗೆಗೆ ಒಂದು ಚಿಟಿಕೆ ಕಲ್ಲುಪ್ಪು ಹಾಕಿ, ಅಜ್ಜಿಯ ಕೈಯಲ್ಲೇ ತೆಗೆಸಿ ನೀವಾಳಿಸಿ, ಆಮೇಲೆ ಬರಿಮೈಯ ಮಗುವನ್ನು ಇಳಿಸುತ್ತಿದ್ದೆ. ದೃಷ್ಟಿ ಹೋಯಿತು ಎಂದು ಅವರಿಗೆ ಸಮಾಧಾನ, ಬೆಳ್ಳಿ ಹೋಯಿತು ಎಂದು ನನಗೆ ಸಮಾಧಾನ. ಡಾಕ್ಟರಮ್ಮ ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ತಾವೇ ಬ್ಯಾಗಿನಲ್ಲಿ ಉಪ್ಪಿನ ಡಬ್ಬಿ ಇಟ್ಟುಕೊಳ್ಳುವಷ್ಟು ಆಯಿತು.

ವಿಧಾನಗಳು ಬದಲಾದದ್ದನ್ನು ಹೇಳಬೇಕೆಂದರೆ ಹುಲಿಕುಂಟೆಯ ಕರಿಯಪ್ಪನನ್ನು ಬಿಟ್ಟು ಹೇಳಲಾಗದು. ಕುರಿ ಕಾಯುವವನು. ಅವನ ಮಗು ಅಕಾಲದಲ್ಲಿ ಹುಟ್ಟಿ ಮನೆಗೆ ಬಂದಿತ್ತು. ಸಣ್ಣ ಮಗುವನ್ನು ಬರಿಮೈಗೆ ಬರಿಮೈ ತಾಗುವಂತೆ ಎದೆಗೆ ಕಟ್ಟಿಕೊಂಡರೆ ಮೈ ಬೆಚ್ಚಗಿರುತ್ತದೆ, ಉಸಿರು ಸರಿಯಾಗುತ್ತದೆ, ತೂಕ ಏರುತ್ತದೆ ಎಂದು ಹೇಳಿಕೊಡುವುದು ಆಗ ನಮ್ಮಲ್ಲಿ ಹೊಸದು. ಅಪ್ಪಂದಿರೂ ಮಾಡಬಹುದು ಎಂದರೆ ಗಂಡಸರು ಎದ್ದು ಬೀಡಿ ಸೇದಲು ಹೋಗುತ್ತಿದ್ದರು. ಕರಿಯಪ್ಪನಿಗೆ ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆವು. ಹೋಗಿ ನೋಡಿದರೆ ಆಸಾಮಿ ಕಂಬಳಿ ಹೊದ್ದು ಕೂತಿದ್ದಾನೆ. ಕಂಬಳಿ ಸರಿಸಿದ. ಒಳಗೆ ಎದೆಯ ಮೇಲೆ ಕಪ್ಪೆಯ ಹಾಗೆ ಅಂಟಿಕೊಂಡು ಮಲಗಿದೆ ಮಗು.

"ಯಾರು ಹೇಳಿದ್ರು ನಿಂಗೆ?" ಎಂದೆ.

"ಯಾಕ್ ಹೇಳಬೇಕು? ಚಳೀಲಿ ಈದ ಮರೀನ ಇಂಗೇ ಇಕ್ಕಂತೀವಿ. ಕುರಿಮರಿಗೆ ಆಗಿದ್ದು ನನ್ ಮಗೀಗ್ ಆಗಲ್ವಾ?"

ನಸೀಮಾಗೆ ಖುಷಿ ತಡೆಯಲಾಗದೆ ಶಿರಾದಲ್ಲಿ ಎಲ್ಲೆಲ್ಲಿ ಗಂಡಸರು ಗುಂಪು ಸೇರುತ್ತಾರೋ ಅಲ್ಲೆಲ್ಲ ಅವನನ್ನು ಕರೆದೊಯ್ಯಬೇಕು ಎಂದಳು. ಕರೆದೊಯ್ದೆವು. ಅವನ ಭಾಷಣ ಒಂದೇ ಸಾಲು: "ಕುರಿ ಕಾಯೋನಿಗೆ ನಾಚ್ಕೆ ಇಲ್ಲ, ನಿಮಗೇನ್ರಲಾ." ಆಮೇಲೆ ನೋಡಿ, ಟ್ರ್ಯಾಕ್ಟರ್ ಓಡಿಸುವವರು, ಮೇಷ್ಟ್ರು, ಕಿರಾಣಿ ಅಂಗಡಿಯವರು, ಒಬ್ಬೊಬ್ಬರೇ ಅಂಗಿ ಬಿಚ್ಚಿದರು.

ಆ ಮನೆಯಿಂದಲೇ ಇನ್ನೊಂದು ವಿದ್ಯೆ ನಮಗೆ ಸಿಕ್ಕಿತು. ಕೂರಲು ಕಲಿಯುವ ಮಕ್ಕಳಿಗೆ ಒರಗು ಬೇಕು. ಬೆಂಗಳೂರಿನಿಂದ ಸ್ಪಂಜಿನ ಕುರ್ಚಿ ತರಿಸುತ್ತಿದ್ದರು, ಎರಡು ಬಂದರೆ ಇಪ್ಪತ್ತು ಮನೆಗೆ ಬೇಕು. ಕರಿಯಪ್ಪನ ತಾಯಿ ಹಳೆಯ ಸೀರೆಗಳನ್ನು ಸುತ್ತಿ, ಕೊಡ ಹೊರಲು ತಲೆಗೆ ಇಡುವ ಸಿಂಬೆಯನ್ನೇ ಬಂಡಿಗಾಲಿಯಷ್ಟು ದೊಡ್ಡದಾಗಿ ಮಾಡಿ, ಅದರ ನಡುವೆ ಮೊಮ್ಮಗನನ್ನು ಕೂರಿಸಿದ್ದಳು. ಕೊಡ ಬೀಳುವುದಿಲ್ಲ ಅಂದಮೇಲೆ ಮಗು ಬೀಳುತ್ತದೆಯೇ? ಡಾಕ್ಟರಮ್ಮ ಸಿಂಬೆಯನ್ನು ಒತ್ತಿ ನೋಡಿ, ಅಲ್ಲಾಡಿಸಿ ನೋಡಿ, "ಯಾರಾದರೂ ಪಕ್ಕದಲ್ಲಿ ಇರಲೇಬೇಕು" ಎಂಬ ಒಂದು ಮಾತು ಸೇರಿಸಿ ಒಪ್ಪಿದರು. ಅಲ್ಲಿಂದ ಮುಂದೆ ನಮ್ಮ ಜೀಪಿನ ಹಿಂದೆ ಸದಾ ಹಳೆಯ ಸೀರೆಯ ಗಂಟು.

ಇನ್ನು ಈ ಕೆಲಸದ ಕಗ್ಗಂಟು, ಅಂದರೆ ವಯಸ್ಸು. ಎರಡು ತಿಂಗಳು ಮುಂಚೆ ಹುಟ್ಟಿದ ಮಗುವಿಗೆ ಎರಡು ವಯಸ್ಸು. ಹುಟ್ಟಿದ ದಿನದಿಂದ ಎಣಿಸುವುದು ಒಂದು, ಹುಟ್ಟಬೇಕಾಗಿದ್ದ ದಿನದಿಂದ ಎಣಿಸುವುದು ಇನ್ನೊಂದು. ಕೂರುವುದು, ತೆವಳುವುದು, ನಡೆಯುವುದು ಎಲ್ಲ ಎರಡನೆಯ ಲೆಕ್ಕಕ್ಕೇ ನೋಡಬೇಕು. ಇದನ್ನು ಮನೆಯವರಿಗೆ ತಿಳಿಸಲು ಡಾಕ್ಟರಮ್ಮ ಚಿತ್ರ ಬರೆದು ತೋರಿಸುತ್ತಿದ್ದರು. ನಾನು ಬಸ್ಸಿನ ಲೆಕ್ಕ ಹೇಳುತ್ತಿದ್ದೆ. "ಪಾವಗಡದ ಬಸ್ಸಿಗೆ ನಿಮ್ಮ ಪಕ್ಕದ್ಮನೆ ಮಗು ಮಧುಗಿರೀಲಿ ಹತ್ತಿದ್ದು. ನಿಮ್ಮದು ಆತುರಕ್ಕೆ ಕೊರಟಗೆರೇಲೇ ಹತ್ಕಂಡ್‌ಬುಡ್ತು. ಬಸ್ಸಲ್ಲಿ ಜಾಸ್ತಿ ಹೊತ್ತು ಕೂತವ್ನೆ ಅಂತ ಪಾವಗಡಕ್ಕೆ ಮುಂಚೆ ಇಳೀತಾನಾ? ಇಬ್ರೂ ಒಂದೇ ಹೊತ್ತಿಗೆ ಕಣಮ್ಮ ಇಳಿಯೋದು." ಎಂಥ ಮುದುಕಿಗೂ ಇದು ತಿಳಿಯುತ್ತಿತ್ತು.

ತಿಳಿಯುವುದೇನೋ ಸರಿ, ಲೆಕ್ಕ ಹಾಕಬೇಕಾದರೆ ಮಗು ಎಷ್ಟು ತಿಂಗಳಿಗೆ ಹುಟ್ಟಿತು ಎಂದು ನಿಜ ಗೊತ್ತಿರಬೇಕಲ್ಲ. ಅಲ್ಲೇ ಇರುವುದು ಮಜ. ಪಾವಗಡದ ನರಸಮ್ಮನ ಮನೆಯ ಕಥೆ ಹೇಳುತ್ತೇನೆ, ಕೇಳಿ.

ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿದ ಹಳ್ಳಿ. ಮನೆಮಾತು ತೆಲುಗು. ನರಸಮ್ಮ ಆ ಮನೆಯ ಯಜಮಾನಿ, ಹೊಲ ಮನೆ ಎಲ್ಲ ಅವಳ ಮಾತಿನಲ್ಲೇ. ಮಗ ಲಾರಿಯ ಮೇಲೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಸೊಸೆ ಸುಜಾತ ಕೊರಟಗೆರೆ ಕಡೆಯವಳು, ಕನ್ನಡದ ಹುಡುಗಿ. ಹೆರಿಗೆ ಗಡಿಯಾಚೆಯ ಊರಿನಲ್ಲಿ ಆಗಿತ್ತು, ಅಲ್ಲಿಯ ಕಾಗದಪತ್ರ ಬರುವಾಗ ಆಟೋದಲ್ಲೇ ಬಿಟ್ಟು ಬಂದಿದ್ದರು. ಹೆಣ್ಣು ಮಗು. ಎಲ್ಲರೂ ಚಿಟ್ಟಿ ಎನ್ನುತ್ತಿದ್ದರು. ಸಣ್ಣ ಮಗು ಎಂದು ಕಣ್ಣಿನ ಪರೀಕ್ಷೆ ಅಲ್ಲೇ ಮಾಡಿ ಸರಿ ಎಂದಿದ್ದರಂತೆ. ನಮ್ಮಲ್ಲಿಗೆ ಬಂದಾಗ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, ಎಷ್ಟು ತಿಂಗಳಿಗೆ ಹೆರಿಗೆ?

"ತೊಮ್ಮಿದಿ ನೆಲಲು ನಿಂಡಿ ಪುಟ್ಟಿಂದಿ," ಎಂದಳು ನರಸಮ್ಮ. ಒಂಬತ್ತು ತುಂಬಿ ಹುಟ್ಟಿದ್ದು.

ಡಾಕ್ಟರಮ್ಮ ಸೊಸೆಯ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು. ಸುಜಾತ ಅತ್ತೆಯ ಮುಖ ನೋಡಿ, "ಒಂಬತ್ತು" ಎಂದಳು.

ದಿನ ತುಂಬಿದ ಮಗು, ತೂಕ ಮಾತ್ರ ಕಮ್ಮಿ, ಎಂದಾಯಿತು. ಅಂದಮೇಲೆ ಎರಡನೆಯ ವಯಸ್ಸು ಬೇಕಿಲ್ಲ. ಹುಟ್ಟಿದ ದಿನದಿಂದಲೇ ಎಣಿಕೆ. ಚಿಟ್ಟಿ ಪ್ರತಿ ಸಲವೂ ಆ ಎಣಿಕೆಗೆ ಹಿಂದೆ ಬಿದ್ದಳು. ಕತ್ತು ನಿಂತದ್ದು ತಡ, ಮಗ್ಗುಲಾದದ್ದು ತಡ. ಹತ್ತು ತಿಂಗಳಾದರೂ ಕೂರಲಿಲ್ಲ. ಕೂರಿಸಿದರೆ ನೆನೆದ ಚೀಲದ ಹಾಗೆ ಪಕ್ಕಕ್ಕೆ ವಾಲುತ್ತಿದ್ದಳು. ಕಣ್ಣು ಮಾತ್ರ ಮಿಂಚು. ನನ್ನ ಜೇಬಿನ ಪೆನ್ನು ಕಂಡರೆ ಬಿಡುತ್ತಿರಲಿಲ್ಲ.

ಪಾವಗಡದಲ್ಲಿ ಒಂದು ಸಮುದಾಯ ಭವನದ ಹಜಾರದಲ್ಲಿ ನಮ್ಮ ತಪಾಸಣೆ ನಡೆಯುತ್ತಿತ್ತು. ಆ ದಿನ ಡಾಕ್ಟರಮ್ಮ ಮೆಲ್ಲಗೆ ಹೇಳಿದರು, ಇನ್ನು ಕಾಯುವುದು ಬೇಡ, ಬೆಂಗಳೂರಿಗೆ ಕಳಿಸಿ ತಲೆಯ ಸ್ಕ್ಯಾನ್ ಮಾಡಿಸೋಣ, ಮಗುವಿನ ಬೆಳವಣಿಗೆ ಹಿಂದುಳಿದಿದೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಕೈಯಲ್ಲಿದ್ದ ಲೆಕ್ಕಕ್ಕೆ ಅದೇ ಸರಿ.

ನರಸಮ್ಮ ಎದ್ದು ಸೆರಗು ಕೊಡವಿದಳು. "ಆಯ್ತು. ಸೋಮವಾರ ಇವಳನ್ನ ಇವಳ ಅಪ್ಪನ ಮನೆಗೆ ಕಳಿಸ್ತೀನಿ. ಅವರೇ ಸ್ಕ್ಯಾನು ಗೀನು ನೋಡ್ಕೊಳ್ಳಿ. ಪಾಪು ಕೂತ್ಕೊಂಡ ಮೇಲೆ ಇಬ್ರೂ ಬರಲಿ."

"ಅಮ್ಮಾ, ಅದೇನ್ ಮಾತು," ಎಂದಳು ನಸೀಮಾ.

"ಏಮಮ್ಮಾ, ಕೂತ್ಕೊಳ್ಳದೇ ಇರೋ ಹೆಣ್ಣುಕೂಸು ಇಟ್ಕೊಂಡು ಊರಲ್ಲಿ ನಾನೇನ್ ಹೇಳ್ಲಿ? ಇವಳ ಗಂಡನಿಗೆ ನಾನು ಹೇಳ್ತೀನಿ ಬುಡು."

ನಮ್ಮ ಕಡೆ 'ಕೂತ ಮೇಲೆ ಬರಲಿ' ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಹಾಗೆ ತವರಿಗೆ ಹೋಗಿ ವಾಪಸು ಬಾರದೆ ಉಳಿದವರನ್ನು ನಾನು ಕಂಡಿದ್ದೆ. ಸುಜಾತ ಅಳಲಿಲ್ಲ. ಮಗುವಿನ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ದೂರದ ಹಳ್ಳಿಯವರನ್ನು ಜೀಪಿನಲ್ಲಿ ಮನೆ ಮುಟ್ಟಿಸುವುದು ನನ್ನ ಕೆಲಸ. ಅವರನ್ನೂ ಮುಟ್ಟಿಸಿದೆ, ನಸೀಮಾಳೂ ಬಂದಳು. ಅಂಗಳದಲ್ಲಿ ಕಡಲೆಕಾಯಿಯ ರಾಶಿ. ಕಿತ್ತ ಗಿಡದಿಂದ ಕಾಯಿ ಬಿಡಿಸಿದ ಹೆಂಗಸರು ತಮ್ಮ ಪಾಲಿನ ಕಾಯಿಗೆ ಕಾಯುತ್ತ ಕೂತಿದ್ದರು. ಏನು ಸಂಕಟವಿದ್ದರೂ ಕೂಲಿಯವರನ್ನು ಕಾಯಿಸುವವಳಲ್ಲ ನರಸಮ್ಮ. ಬಂದವಳೇ ಸೇರು ಕೈಗೆತ್ತಿಕೊಂಡು ಅಳೆಯಲು ಕೂತಳು. ನಾನು ನೀರು ಕುಡಿಯುತ್ತ ನಿಂತಿದ್ದೆ.

"ಲಾಭಂ," ಎಂದು ಮೊದಲ ಸೇರು ಸುರಿದಳು. "ರೆಂಡು. ಮೂಡು. ನಾಲುಗು. ಐದು. ಆರು. ಆರುನ್ನೊಕಟಿ. ಎನಿಮಿದಿ."

ನೀರು ನೆತ್ತಿಗೆ ಹತ್ತಿತು. ಆರುನ್ನೊಕಟಿ ಎಂದರೆ ಆರೂ ಮತ್ತೊಂದು. ಮಧುಗಿರಿ ಮಂಡಿಗೆ ಗಡಿಯ ಕಡೆಯಿಂದ ಬರುತ್ತಿದ್ದ ಅಳತೆಯವರೆಲ್ಲ ಹೀಗೇ ಎಣಿಸುತ್ತಿದ್ದರು. ಒಂದು ಎನ್ನುವ ಬದಲು ಲಾಭ. ಏಳು ಬಂದಾಗ ಮಾತ್ರ ಆರೂ ಮತ್ತೊಂದು. ತೆಲುಗಿನಲ್ಲಿ ಏಳಕ್ಕೆ ಏಡು ಎನ್ನುತ್ತಾರೆ, ಅಳು ಎನ್ನುವುದಕ್ಕೂ ಅದೇ ಮಾತು. ಧಾನ್ಯದ ಮುಂದೆ ಅಳು ಎನ್ನಬಾರದು.

ಕೆಮ್ಮುತ್ತಲೇ ಕೇಳಿದೆ: "ಅಮ್ಮಾ, ಏಳು ಅನ್ನಲ್ವಾ ನೀವು?"

"ಏಡು ಅಂಟೆ ಏಡುಪು ಕದಾ ನಾಯನಾ. ರಾಶಿ ಮುಂದೆ ಅಳು ಅಂತೀನಾ?"

"ಅಂಗಾದ್ರೆ ಮಗು ಮುಂದೆ?"

ಸೇರು ಹಿಡಿದ ಕೈ ನಿಂತಿತು.

ನನಗೆ ಒಳಗೊಳಗೇ ಕುಣಿತ ಶುರುವಾಗಿಬಿಟ್ಟಿತ್ತು, ಆದರೂ ಮಂಡಿಯ ಮುಖ ಇಟ್ಟುಕೊಂಡೆ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಅಮ್ಮಾ, ಅಳು ಅನ್ನಬೇಡಿ. ರಾಶಿ ಲೆಕ್ಕದಲ್ಲೇ ಹೇಳಿ. ಚಿಟ್ಟಿ ಹೊಟ್ಟೇಲಿ ಎಷ್ಟು ತಿಂಗಳು ಇದ್ಳು?" ಎಂದೆ.

ನರಸಮ್ಮ ಸೊಸೆಯನ್ನು ನೋಡಿದಳು. ಆಮೇಲೆ ಕಡಲೆಕಾಯಿಯನ್ನು ನೋಡುತ್ತ, ತುಟಿಯಲ್ಲೇ ಹೇಳಿದಳು. "ಆರುನ್ನೊಕಟಿ ನಿಂಡಿ..." ಆರೂ ಮತ್ತೊಂದು ತುಂಬಿ. ಅಲ್ಲಿಗೆ ನಿಂತಳು.

"ತುಂಬಿ, ಎಷ್ಟಕ್ಕೆ ಬಿದ್ದಿತ್ತು?"

"ಅದನ್ನ ಅವಳನ್ನ ಕೇಳು. ಅವಳೇ ಬೇಡ ಅಂದಿದ್ದು."

ಸುಜಾತ ತಲೆ ಅಲ್ಲಾಡಿಸಿದಳು. ನಸೀಮಾ ಅವಳ ಪಕ್ಕ ಕೂತು ಬೆನ್ನ ಮೇಲೆ ಕೈಯಿಟ್ಟಳು. ಆ ಹುಡುಗಿ ನನ್ನ ಕಡೆ ನೋಡದೆ ಹೇಳಿದ್ದು ಇಷ್ಟು: "ನಮ್ಮವ್ವಂಗೆ ನನ್ ಹಿಂದೆ ಒಂದು ಗಂಡುಮಗು ಆಗಿತ್ತಣ್ಣ. ಆ ತಿಂಗಳಲ್ಲೇ. ದಕ್ಕಲಿಲ್ಲ. ಆವತ್ತಿಂದ ನಮ್ಮನೇಲಿ ಬಸುರಿ ವಿಚಾರಕ್ಕೆ ಆ ಮಾತು ಯಾರೂ ಆಡಲ್ಲ. ಆಡಿದ್ರೆ ಇವಳೂ..." ಮಗುವನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

ಏಳರಲ್ಲಿ ಹುಟ್ಟಿದ್ದು ಉಳಿದೀತು, ಎಂಟರಲ್ಲಿ ಹುಟ್ಟಿದ್ದು ಉಳಿಯದು. ನಮ್ಮ ಸೀಮೆಯಲ್ಲಿ ಇದನ್ನು ಕೇಳದ ಮನೆಯಿಲ್ಲ. ಶುದ್ಧ ಸುಳ್ಳು, ಹೊಟ್ಟೆಯಲ್ಲಿ ಹೆಚ್ಚು ದಿನ ಇದ್ದಷ್ಟೂ ಮಗುವಿಗೆ ಒಳ್ಳೆಯದೇ. ಆದರೆ ಆ ಅಂಗಳದಲ್ಲಿ ಏನಾಗಿತ್ತು ನೋಡಿ. ಮಗು ಹುಟ್ಟಿದ್ದು ಏಳು ತುಂಬಿ ಎಂಟರಲ್ಲಿ. ಅತ್ತೆಯ ಭಾಷೆಯಲ್ಲಿ ಏಳು ಎಂದರೆ ಅಳು, ಅದನ್ನು ಅವಳು ಆಡಗೊಡಳು. ಸೊಸೆಯ ತವರಿನಲ್ಲಿ ಎಂಟು ಎಂದರೆ ಸಾವು, ಅದನ್ನು ಅವಳು ಆಡಲಾರಳು. ಇಬ್ಬರ ನಡುವೆ ಎರಡು ಅಂಕಿಯೂ ಹೋಗಿ ಉಳಿದದ್ದು ಒಂಬತ್ತು. ಇಬ್ಬರೂ ಮಗುವನ್ನು ಉಳಿಸಿಕೊಳ್ಳಲೆಂದೇ ಹೇಳಿದ ಸುಳ್ಳು, ಆ ಮಗುವನ್ನೇ ಮನೆಯಿಂದ ಹೊರಗೆ ಕಳಿಸುತ್ತಿತ್ತು.

ಮಾತು ಆಡಿಸುವುದು ಬೇಡ ಎಂದು ನಾನು ತಿಂಗಳನ್ನು ಬಿಟ್ಟು ಹೊಲಕ್ಕೆ ಇಳಿದೆ. ಈ ದಾರಿಯನ್ನು ನೀವೂ ಕಲಿತುಕೊಳ್ಳಿ. "ಸುಜಾತಾ, ನೀನು ಮುಟ್ಟಾಗೋದು ನಿಂತಾಗ ಹೊಲದಲ್ಲಿ ಏನಿತ್ತವ್ವ?"

"ಕಳ್ಳೇಕಾಯಿ ಬಿತ್ತನೆ ಆಯ್ತಿತ್ತು."

"ಹೆರಿಗೆ?"

"ಸಂಕ್ರಾಂತಿ ಕಳೆದ ಮೇಲೆ. ಎಳ್ಳು ಬೆಲ್ಲ ಇನ್ನೂ ಡಬ್ಬೀಲಿತ್ತು. ಯುಗಾದಿ ಹೊತ್ತಿಗೆ ಆಯ್ತದೆ ಅಂತಿದ್ರು ಎಲ್ರೂ."

ಯುಗಾದಿಗೆ ಬರಬೇಕಾದವಳು ಸಂಕ್ರಾಂತಿಯ ಎಳ್ಳುಬೆಲ್ಲ ತಿನ್ನಲು ಬಂದುಬಿಟ್ಟಿದ್ದಾಳೆ. ಎರಡು ತಿಂಗಳು. ನಮ್ಮ ಲೆಕ್ಕದಲ್ಲಿ ಎರಡು ತಿಂಗಳು ಕಳೆದುಹೋಗಿದ್ದವು, ಈಗ ಕಡಲೆಕಾಯಿಯ ರಾಶಿಯಲ್ಲಿ ಸಿಕ್ಕವು. ನಾನು ಎದ್ದು ನಿಂತೆ. "ಎಲ್ರೂ ಜೀಪ್ ಹತ್ತಿ" ಎಂದೆ.

"ಈಗ್ಲಾ?" ಎಂದಳು ನರಸಮ್ಮ. "ಅಳತೆ?"

"ಅಳತೆ ಮಾಡಾಕೇ ಕಣಮ್ಮ ಹೋಗೋದು."

ಆ ದಿನ ನಾನು ಜೀಪು ಓಡಿಸಿದ ರೀತಿಗೆ ನಸೀಮಾ ಇಂದಿಗೂ ನನ್ನನ್ನು ಬೈಯುತ್ತಾಳೆ. ನರಸಮ್ಮನ ಮಡಿಲಲ್ಲಿ ಅರ್ಧ ಅಳೆದ ಕಡಲೆಕಾಯಿ ಹಾಗೇ ಇತ್ತು, ಪ್ರತಿ ಗುಂಡಿಗೂ ನಾಲ್ಕು ಕಾಯಿ ಹಾರುತ್ತಿದ್ದವು, ಚಿಟ್ಟಿ ಪ್ರತಿ ಸಲವೂ ನಗುತ್ತಿದ್ದಳು. ಡಾಕ್ಟರಮ್ಮ ಹಜಾರಕ್ಕೆ ಬೀಗ ಹಾಕಿಸುತ್ತಿದ್ದರು. ನಾನು ಬ್ರೇಕ್ ಹಾಕುವುದಕ್ಕೆ ಮೊದಲೇ ಕೂಗಿ ಹೇಳಿದೆ, ಯುಗಾದಿ ಮಗು ಮೇಡಂ, ಸಂಕ್ರಾಂತಿಗೆ ಬಂದೈತೆ.

ಅವರಿಗೆ ಪೂರ್ತಿ ಕಥೆ ಹೇಳಿದಾಗ ಬಾಗಿಲ ಮೆಟ್ಟಿಲ ಮೇಲೆ ಕೂತೇಬಿಟ್ಟರು. "ಎರಡು ಭಾಷೆಯಲ್ಲಿ ಕೇಳಿದೆ ರಾಜಣ್ಣ. ಎರಡರಲ್ಲೂ ಒಂಬತ್ತೇ ಬಂತು. ಇನ್ನೇನು ಕೇಳಬೇಕಿತ್ತು ನಾನು?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಬೀಗ ತೆಗೆಸಿದರು.

ಇಲ್ಲಿ ನಿಮಗೊಂದು ಮಾತು ಹೇಳಬೇಕು. ಲೆಕ್ಕ ಸಿಕ್ಕಿತು ಎಂದು ನಾನು ಕುಣಿದೆ, ಅವರು ಕುಣಿಯಲಿಲ್ಲ. ಲೆಕ್ಕ ಸರಿಯಾದ ಮಾತ್ರಕ್ಕೆ ಮಗು ಸರಿ ಎಂದಲ್ಲ. ಚಿಟ್ಟಿಯನ್ನು ಮಲಗಿಸಿ ಕೈ ಹಿಡಿದು ಎಬ್ಬಿಸಿದರು, ತೊಡೆ ಅಗಲಿಸಿದರು, ಪಾದ ಮಡಿಸಿದರು, ಗಾಳಿಯಲ್ಲಿ ಅಡ್ಡ ಹಿಡಿದು ತಲೆ ಎತ್ತುತ್ತಾಳಾ ನೋಡಿದರು, ಎಡಕ್ಕೆ ಗೆಜ್ಜೆ ಆಡಿಸಿದರು, ಬಲಕ್ಕೆ ಆಡಿಸಿದರು. ಬೆಳಿಗ್ಗೆ ಮಾಡಿದ್ದನ್ನೆಲ್ಲ ಮತ್ತೆ ಮೊದಲಿನಿಂದ, ಹೊಸ ವಯಸ್ಸಿನ ಕಣ್ಣಿನಿಂದ.

"ಈಗ ನಿಜವಾಗಿ ನೋಡಿದರೆ ಇವಳಿಗೆ ಎಂಟು ತಿಂಗಳು," ಎಂದರು.

ಸುಜಾತ ಮಗುವಿನ ಕಿವಿ ಮುಚ್ಚಿದಳು. ನರಸಮ್ಮ, "ಆ ಮಾತು ಆಡಬ್ಯಾಡ್ರಮ್ಮ, ಒಂದು ತಿಂಗಳು ಬುಟ್ಟು ಬರ್ತೀವಿ, ಆಗ ಒಂಬತ್ತು ಅನ್ನಿ" ಎಂದಳು. ನಸೀಮಾ ನಗು ತಡೆಯಲಾಗದೆ ಗೋಡೆಯ ಕಡೆ ತಿರುಗಿದಳು.

ಡಾಕ್ಟರಮ್ಮ ಬಿಗಿಯಾಗಿಯೇ ಮುಂದುವರಿಸಿದರು. "ಕಾಲಿನಲ್ಲಿ ಬಿಗಿತ ಇಲ್ಲ. ಕೈ ಎರಡೂ ಒಂದೇ ಸಮ. ಬೆನ್ನು ಮಾತ್ರ ಇನ್ನೂ ಬಲಿಯಬೇಕು. ಬರುವ ಸಂಕ್ರಾಂತಿವರೆಗೆ ಕಾಯೋಣ. ಅಷ್ಟರಲ್ಲಿ ತಾನೇ ಕೂತರೆ ಸ್ಕ್ಯಾನು ಬೇಡ. ಕೂರದಿದ್ದರೆ ನಾನೇ ಬೆಂಗಳೂರಿಗೆ ಕರೆದುಕೊಂಡು ಹೋಗ್ತೀನಿ."

"ಸೋಮವಾರ?" ಎಂದು ನಾನು ನರಸಮ್ಮನನ್ನು ಕೇಳಿದೆ.

ಅವಳು ಮಡಿಲಿನಲ್ಲಿ ಉಳಿದ ಕಡಲೆಕಾಯಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. "ಸಂಕ್ರಾಂತಿಗಂಟ ಇರ್ಲಿ ಬುಡು. ಆಮೇಲೆ ನೋಡ್ತೀನಿ."

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಓಟ. ಬೇರೆ ಮನೆಗಳೂ ಇದ್ದವು, ಬಿಡಲಿಲ್ಲ, ಆದರೆ ಪಾವಗಡದ ರಸ್ತೆ ಹಿಡಿದಾಗಲೆಲ್ಲ ಎದೆಯಲ್ಲಿ ತಮಟೆ. ನಸೀಮಾ ದೊಡ್ಡ ಸಿಂಬೆ ಕಟ್ಟಿಕೊಟ್ಟಳು. ನರಸಮ್ಮ ಅದನ್ನು ನೋಡಿ, "ಇದೇನ್ ಕಟ್ಟೋದು" ಎಂದು ಬಿಚ್ಚಿ ತನ್ನ ಮದುವೆಯ ಸೀರೆ ಸೇರಿಸಿ ಮತ್ತೆ ಕಟ್ಟಿದಳು. ಹೊಟ್ಟೆಯ ಮೇಲೆ ಮಲಗಿಸಿ ಮುಂದೆ ಬಳೆ ಉರುಳಿಸುವುದು, ತೊಡೆಯ ಮೇಲೆ ಕೂರಿಸಿ ಮೆಲ್ಲಗೆ ಆ ಕಡೆ ಈ ಕಡೆ ವಾಲಿಸುವುದು, ಎಲ್ಲ ಕಲಿತರು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಸುಜಾತಳ ಬಾಯಿ. ಮೊದಲು ಮಗುವನ್ನು ಹೊತ್ತು ಮೂಕಿಯ ಹಾಗೆ ಕೂರುತ್ತಿದ್ದವಳು ಈಗ ಕಸ ಗುಡಿಸುವಾಗಲೂ ಅದರ ಜೊತೆ ಮಾತು. ಅವಳು ಕನ್ನಡದಲ್ಲಿ, ಅತ್ತೆ ತೆಲುಗಿನಲ್ಲಿ. ಚಿಟ್ಟಿ ಇಬ್ಬರಿಗೂ ಒಂದೇ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದಳು: "ತ ತ ತ."

"ನೋಡು, ತಾತ ಅಂತೈತೆ, ತೆಲುಗು" ಎನ್ನುವಳು ನರಸಮ್ಮ.

"ತಾತ ಕನ್ನಡಾನೂ ಹೌದು ಅತ್ತೆ" ಎನ್ನುವಳು ಸೊಸೆ. ಅವಳು ಅತ್ತೆಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆದರೆ ಕೂರುವುದು? ಸಿಂಬೆಯೊಳಗೆ ರಾಣಿಯ ಹಾಗೆ ಕೂರುತ್ತಾಳೆ, ಸಿಂಬೆ ತೆಗೆದರೆ ವಾಲುತ್ತಾಳೆ. ಒಂದು ಭೇಟಿಯಲ್ಲಿ ಎರಡು ಕೈ ಊರಿ ಕಪ್ಪೆಯ ಹಾಗೆ ಸ್ವಲ್ಪ ಹೊತ್ತು ಕೂತಳು, ನಾನು ಚಪ್ಪಾಳೆ ತಟ್ಟಿದ ಸದ್ದಿಗೆ ಬೆಚ್ಚಿ ಬಿದ್ದಳು. "ಸುಮ್ನಿರ್ತೀರಾ ರಾಜಣ್ಣ?" ಎಂದು ನಸೀಮಾ ನನ್ನನ್ನು ಅಂಗಳಕ್ಕೆ ಅಟ್ಟಿದಳು.

ಸಂಕ್ರಾಂತಿ ಹತ್ತಿರ ಬಂತು. ಕೊನೆಯ ಭೇಟಿಗೆ ಹೋದರೆ ಮನೆಗೆ ಬೀಗ. ಸಿಂಬೆ ಜಗಲಿಯ ಮೇಲೆ ಖಾಲಿ ಬಿದ್ದಿತ್ತು. ಪಕ್ಕದ ಮನೆಯ ಹೆಂಗಸು ಗೋಡೆಯಾಚೆಯಿಂದ ಹೇಳಿದಳು, "ಕೋಡಲು ಪುಟ್ಟಿಂಟಿಕಿ ಹೋದ್ರು ಸಾರು. ನಿನ್ನೆ. ಅತ್ತೇನೇ ಕರ್ಕೊಂಡ್ ಹೋದ್ಳು, ಗಂಟು ಮೂಟೆ ಕಟ್ಟಿಸಿ." ಸೊಸೆ ತವರಿಗೆ ಹೋದಳು.

ನಾನೂ ನಸೀಮಾಳೂ ಮುಖ ನೋಡಿಕೊಂಡೆವು. ಗಂಟು ಮೂಟೆ. ಹಬ್ಬಕ್ಕೂ ಕಾಯಲಿಲ್ಲ. ಜೀಪು ತಿರುಗಿಸಿದೆ. ಮಧುಗಿರಿಗೆ ಬಂದೆವು. ಕೇಂದ್ರದ ತಿರುವು ಬಂದಾಗ ನಸೀಮಾ, "ನಿಲ್ಲಿಸ್ಬೇಡಿ, ನೇರ ನಡೀರಿ" ಎಂದಳು. ನನಗೂ ನಿಲ್ಲಿಸಬೇಕೆಂದು ಇರಲಿಲ್ಲ. ಕೊರಟಗೆರೆ ದಾಟಿ ಅವಳ ತವರಿನ ಹಳ್ಳಿ ಕೇಳಿಕೊಂಡು ಹೋದೆವು. ಬೈಯಬೇಕಾದ ಮಾತುಗಳನ್ನೆಲ್ಲ ನಾನು ಎರಡೂ ಭಾಷೆಯಲ್ಲಿ ಹೊಂದಿಸಿಟ್ಟುಕೊಂಡಿದ್ದೆ.

ಮನೆಯ ಮುಂದೆ ಹೆಂಗಸರ ಗುಂಪು. ಗುಂಪು ಸರಿಸಿ ನೋಡಿದರೆ ಚಪ್ಪರದ ಕೆಳಗೆ ಚಾಪೆಯ ಮೇಲೆ ನರಸಮ್ಮ ಮದುವಣಗಿತ್ತಿಯ ಹಾಗೆ ಕೂತಿದ್ದಾಳೆ, ಮುಂದೆ ಬಾಳೆಲೆ. ಅವಳ ಪಕ್ಕ ಬರಿ ನೆಲದ ಮೇಲೆ, ಸಿಂಬೆ ಇಲ್ಲ, ಒರಗಿಲ್ಲ, ಯಾರ ಕೈಯೂ ಇಲ್ಲ, ಚಿಟ್ಟಿ. ನೆಟ್ಟಗೆ ಕೂತು ಎರಡು ಕೈಯಲ್ಲೂ ಸ್ಟೀಲು ತಟ್ಟೆ ಹಿಡಿದು ನೆಲಕ್ಕೆ ಬಡಿಯುತ್ತಿದ್ದಾಳೆ. ಬಡಿದು ಬಡಿದು ನಿಲ್ಲಿಸಿ, ಹಿಂದಕ್ಕೆ ತಿರುಗಿ ಅವ್ವ ಇದ್ದಾಳಾ ನೋಡಿ, ಮತ್ತೆ ಬಡಿಯುತ್ತಿದ್ದಾಳೆ. ತಿರುಗಿದಾಗಲೂ ಬೀಳಲಿಲ್ಲ. ನಸೀಮಾ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಗುರುತು ಉಳಿದಿತ್ತು.

"ಬಾ ನಾಯನಾ, ಉಣ್ಣು," ಎಂದಳು ನರಸಮ್ಮ, ನಾವು ಬರುವುದು ಗೊತ್ತಿದ್ದವಳ ಹಾಗೆ. "ಮೊನ್ನೆ ಕೂತ್ಕೊಂಡ್ಳು. ಬೀಗಿತಿಗೆ ತೋರಿಸ್ಕೊಂಡು ಬರೋಣ ಅಂತ ಬಂದೆ."

ಗುಂಪಿನಲ್ಲಿದ್ದ ಒಬ್ಬಳು ಚಿಟ್ಟಿಯನ್ನು ಮೇಲಿಂದ ಕೆಳಗೆ ನೋಡುತ್ತ, "ವರ್ಸ ತುಂಬ್ತಾ ಬಂತು ಅಂತೀರಾ, ಇನ್ನೂ ಇಷ್ಟುದ್ದ ಐತಲ್ಲಮ್ಮ" ಎಂದಳು.

ನರಸಮ್ಮ ಎಲೆಯಿಂದ ಕೈ ಎತ್ತಿದಳು. "ಏಡು ನಿಂಡಿ ಎನಿಮಿದಿಲೋ ಪುಟ್ಟಿಂದಿ" ಎಂದಳು. ಆ ಊರಿನವರಿಗೆ ತೆಲುಗು ಬಾರದು ಎಂದು ನೆನಪಾಗಿ, ಬೀದಿಗೆಲ್ಲ ಕೇಳುವ ಹಾಗೆ ಕನ್ನಡದಲ್ಲಿ ಹೇಳಿದಳು: "ಏಳು ತುಂಬಿ ಎಂಟ್ರಲ್ಲಿ ಹುಟ್ಟಿದ್ದು ಕಣ್ರಮ್ಮ ನನ್ ಮೊಮ್ಮಗಳು. ಎಂಟ್ರಲ್ಲಿ. ಎಂಗ್ ಕೂತವ್ಳೆ ನೋಡ್ಕಳ್ರಿ."

ಸುಜಾತಳ ತಾಯಿ ಸಾರಿನ ಸೌಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಆ ಮಾತು ಬಿದ್ದದ್ದೇ ಸುಜಾತ ಬೆಚ್ಚಿ ತಾಯಿಯನ್ನು ನೋಡಿದಳು. ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು. ಚಿಟ್ಟಿ ತಟ್ಟೆ ಬಿಸಾಡಿ, ಹೊಸ್ತಿಲಲ್ಲಿದ್ದ ಆ ಅಜ್ಜಿಯ ಕಾಲುಂಗುರ ಕಂಡು ಎರಡೂ ಕೈ ಚಾಚಿದಳು. ಸುಜಾತಳ ತಾಯಿ ಬಗ್ಗಿ ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. "ಎಂಟ್ರಲ್ಲಾ?" ಎಂದು ಮಗುವನ್ನೇ ಕೇಳಿದಳು. ಆಮೇಲೆ ನರಸಮ್ಮನ ಕಡೆ ತಿರುಗಿ, "ಬೀಗ್ತೀ, ಹಬ್ಬ ಮುಗಿಯೋಗಂಟ ಇಬ್ರುನೂ ಇಲ್ಲೇ ಬುಟ್ಟೋಗಿ" ಎಂದಳು.

"ಲೇದು ಲೇದು. ಹಬ್ಬ ನಮ್ಮನೇಲಿ. ನನ್ ಮಗ ಲಾರಿ ಬಿಟ್ಟು ಬರ್ತಾವ್ನೆ."

"ಎಲ್ಡ್ ದಿನ ಕಣ್ರೀ."

"ಎಲ್ಡ್ ದಿನಾನೂ ಇಲ್ಲ, ಎಲ್ಡ್ ಗಳಿಗೇನೂ ಇಲ್ಲ."

ನರಸಮ್ಮ ಎದ್ದು ಕೈ ತೊಳೆದಳು, ಬೀಗಿತಿಯ ಸೊಂಟದಿಂದ ಮಗುವನ್ನು ಕಿತ್ತುಕೊಂಡಳು, ಸೊಸೆಯ ಗಂಟನ್ನು ತಾನೇ ಬಗಲಿಗೆ ಹಾಕಿಕೊಂಡಳು. ನಾನು ಇನ್ನೂ ಎಲೆಯ ಮುಂದೆ ಕೂತಿರಲಿಲ್ಲ.

"ಉಣ್ಣೋದು ನಮ್ಮನೇಲಿ ಉಣ್ಣುವಂತೆ ನಾಯನಾ," ಎಂದಳು ನನಗೆ. "ಈಯಮ್ಮ ಇನ್ನೊಂದ್ ಮಾತಾಡೋದ್ರೊಳಗೆ ಜೀಪ್ ಸ್ಟಾರ್ಟ್ ಮಾಡು. ಸುಜಾತಾ, ಹತ್ತು."